ಅಮೆರಿಕ ಫಿಲಿಪೀನ್ಸನ್ನು ಆಳಿದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನ ಮಗ ಫಿಲಿಪೀನ್ಸಿನ ದಾವಾವ್‌ಗೆ ಮೆಡಿಕಲ್ ಓದಲು ಹೋದ. ತಲುಪಿದ ರಾತ್ರಿಯೇ ಫೋನ್ ಬಂತು. "ಮಾಮ, ಚಾರ್ಜರ್ ಪಿನ್ನು ಗೋಡೆಗೆ ಕೂರ್ತಾನೇ ಇಲ್ಲ." ನಮ್ಮದು ಗುಂಡು ಪಿನ್ನು, ಅಲ್ಲಿಯದು ಎರಡು ಚಪ್ಪಟೆ ಸೀಳು. ಅಮೆರಿಕದ ಮನೆಗಳಲ್ಲಿ ಇರುತ್ತಲ್ಲ, ಥೇಟ್ ಹಾಗೆ. ಕರೆಂಟು ಮಾತ್ರ ಅಮೆರಿಕದ್ದಲ್ಲ, ಹೆಚ್ಚುಕಡಿಮೆ ನಮ್ಮಷ್ಟೇ, 220 ವೋಲ್ಟ್. "ಇಷ್ಟು ದೂರದ ಏಷ್ಯಾದ ದೇಶಕ್ಕೆ ಅಮೆರಿಕದ ಪಿನ್ನು ಹೇಗೆ ಬಂತು ಮಾಮ?" ಅಂತ ಕೇಳಿದ. ಅಲ್ಲಿಂದ ಶುರುವಾದ ಮಾತು ಇನ್ನೂ ಮುಗಿದಿಲ್ಲ. ಆಮೇಲೆ ಅಕ್ಕ ಕೇಳಿದಳು, ಭಾವ ಕೇಳಿದರು, ಅವನ ರೂಮ್‌ಮೇಟ್‌ಗಳ ಅಪ್ಪ ಅಮ್ಮಂದಿರೂ ಕೇಳಿದರು. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಅಮೆರಿಕವೇ ಬ್ರಿಟಿಷರ ವಸಾಹತು ಆಗಿತ್ತಲ್ವಾ? ಅದಕ್ಕೂ ವಸಾಹತು ಇತ್ತಾ?

ಇತ್ತು. ಆಳಿಸಿಕೊಂಡವರೇ ಆಮೇಲೆ ಆಳಿದರು. 1898ರಲ್ಲಿ ಸ್ಪೇನ್ ಜೊತೆ ಒಂದು ಸಣ್ಣ ಯುದ್ಧ ನಡೆಯಿತು. ಅದು ಮುಗಿಯುವ ಹೊತ್ತಿಗೆ ಫಿಲಿಪೀನ್ಸ್, ಪೋರ್ಟೊ ರಿಕೊ, ಗುವಾಮ್ ಮೂರೂ ಅಮೆರಿಕದ ಕೈಗೆ ಬಂದಿದ್ದವು. ಅದೇ ವರ್ಷ ಹವಾಯಿಯನ್ನೂ ಸೇರಿಸಿಕೊಂಡರು. 1917ರಲ್ಲಿ ಡೆನ್ಮಾರ್ಕ್‌ಗೆ 2.5 ಕೋಟಿ ಡಾಲರ್ ಕೊಟ್ಟು ವರ್ಜಿನ್ ದ್ವೀಪಗಳನ್ನು ಕೊಂಡರು.

ಆದರೆ "ವಸಾಹತು" ಅನ್ನುವ ಪದವನ್ನು ಮಾತ್ರ ಬಾಯಿಗೆ ತಂದುಕೊಳ್ಳಲಿಲ್ಲ. ಬ್ರಿಟಿಷರಿಗೆ ವಸಾಹತು ಕಚೇರಿ ಅಂತಲೇ ಒಂದು ಇತ್ತು, ಬೋರ್ಡು ಹಾಕಿಕೊಂಡು ಕೂತಿದ್ದರು. ಅಮೆರಿಕದವರು ಯುದ್ಧ ಇಲಾಖೆಯ ಒಳಗೆ "ದ್ವೀಪ ವ್ಯವಹಾರಗಳ ಬ್ಯೂರೋ" ಅಂತ ತೆರೆದರು. ಮನಿಲಾದ ಸರ್ಕಾರದ ಹೆಸರು "ಇನ್ಸುಲರ್ ಗವರ್ನಮೆಂಟ್", ಅಂದರೆ ದ್ವೀಪ ಸರ್ಕಾರ. ಕೇಳಿದರೆ ಮೀನುಗಾರಿಕೆ ಇಲಾಖೆ ಅನ್ನಿಸಬೇಕು. ಈ ಹೆಸರಿನ ಆಟವನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಮತ್ತೆ ಬರುತ್ತದೆ.

ಫಿಲಿಪೀನ್ಸ್ ಅವರ ಕೈಗೆ ಸಿಕ್ಕಿದ್ದು ಹೇಗೆ?

ಜಗಳ ಇದ್ದದ್ದು ಕ್ಯೂಬಾ ವಿಚಾರಕ್ಕೆ. ಆದರೆ ಮೊದಲ ದೊಡ್ಡ ಹೊಡೆತ ಬಿದ್ದದ್ದು ಭೂಮಿಯ ಇನ್ನೊಂದು ಬದಿಯಲ್ಲಿ. 1898ರ ಮೇ 1ರಂದು ಅಮೆರಿಕದ ನೌಕಾಪಡೆಯ ಕಮೊಡೋರ್ ಜಾರ್ಜ್ ಡ್ಯೂಯಿ ಮನಿಲಾ ಕೊಲ್ಲಿಗೆ ನುಗ್ಗಿ ಸ್ಪೇನಿನ ಹಡಗುಗಳನ್ನು ಬೆಳಗಿನೊಳಗೆ ಮುಳುಗಿಸಿದ. ಹಡಗು ಮುಳುಗಿಸಬಹುದು, ನೆಲ ಹಿಡಿಯಲು ಸೈನ್ಯ ಬೇಕಲ್ಲ. ಆಗ ನೆನಪಾದದ್ದು ಎಮಿಲಿಯೊ ಅಗಿನಾಲ್ಡೊ. ಸ್ಪೇನ್ ವಿರುದ್ಧ ಬಂಡೆದ್ದು ಹಾಂಗ್‌ಕಾಂಗ್‌ನಲ್ಲಿದ್ದ ನಾಯಕ. ಅವನನ್ನು ಅಮೆರಿಕದ ಹಡಗಿನಲ್ಲೇ ಊರಿಗೆ ಕರೆತಂದರು. ಅವನ ಜನ ಸ್ಪೇನಿನವರನ್ನು ಮನಿಲಾ ಕೋಟೆಯೊಳಗೆ ಅಟ್ಟಿದರು. ಜೂನ್ 12ಕ್ಕೆ ಕಾವಿತ್ ಊರಿನ ತನ್ನ ಮನೆಯಿಂದ ಅಗಿನಾಲ್ಡೊ ಸ್ವಾತಂತ್ರ್ಯ ಘೋಷಿಸಿದ.

ಆಮೇಲೆ ನಡೆದದ್ದು ಒಳ್ಳೆ ಬಯಲಾಟ. ಸ್ಪೇನಿನವರಿಗೆ ಸೋಲು ಖಚಿತ ಇತ್ತು. ಆದರೆ ತಾವು 300 ವರ್ಷ ಆಳಿದ ಜನರಿಗೆ ಶರಣಾಗಲು ಮನಸ್ಸಿಲ್ಲ. ಅಮೆರಿಕದವರಿಗೆ ಶರಣಾಗೋಣ, ಆದರೆ ಮರ್ಯಾದೆಗೆ ಸ್ವಲ್ಪ ಗುಂಡು ಹಾರಿಸೋಣ ಅಂತ ಗುಟ್ಟಾಗಿ ಮಾತಾಯಿತು. ಆಗಸ್ಟ್ 13ರಂದು ಸುಳ್ಳು ಯುದ್ಧ ನಡೆಯಿತು. ಬಿಳಿ ಬಾವುಟ ಏರಿತು. ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದಿದ್ದ ಫಿಲಿಪಿನೊ ಸೈನಿಕರನ್ನು ಊರ ಬಾಗಿಲ ಹೊರಗೇ ತಡೆದರು.

ಡಿಸೆಂಬರ್ 10ಕ್ಕೆ ಪ್ಯಾರಿಸ್‌ನಲ್ಲಿ ಒಪ್ಪಂದ ಆಯಿತು. ಅಮೆರಿಕ 2 ಕೋಟಿ ಡಾಲರ್ ಕೊಟ್ಟಿತು, ಸ್ಪೇನ್ ದ್ವೀಪಗಳನ್ನು ಬಿಟ್ಟುಕೊಟ್ಟಿತು. ಅಗಿನಾಲ್ಡೊ ಕಳಿಸಿದ ಪ್ರತಿನಿಧಿ ಫೆಲಿಪೆ ಅಗೊನ್ಸಿಲ್ಯೊ ಪ್ಯಾರಿಸ್‌ವರೆಗೂ ಹೋಗಿದ್ದ. ಅವನನ್ನು ಒಳಗೆ ಬಿಡಲಿಲ್ಲ. ಹೊಲ ಮಾರುವಾಗ ಗೇಣಿದಾರನನ್ನು ಯಾರು ಕೇಳುತ್ತಾರೆ?

ನಡೆದದ್ದು ದಂಗೆಯೋ ಯುದ್ಧವೋ?

ಯುದ್ಧ. 1899ರ ಫೆಬ್ರುವರಿ 4ರ ರಾತ್ರಿ ಮನಿಲಾ ಹೊರವಲಯದಲ್ಲಿ ಗುಂಡು ಹಾರಿತು. ಅಮೆರಿಕ ಅದನ್ನು "ಫಿಲಿಪೀನ್ ದಂಗೆ" ಅಂತ ಕರೆಯಿತು. ದಂಗೆ ಅಂದರೆ ಸರ್ಕಾರ ನಮ್ಮದು, ಪುಂಡಾಟ ಅವರದ್ದು ಅಂತ ಅರ್ಥ ಬರುತ್ತದೆ. ಅಮೆರಿಕದ ಸಂಸತ್ತಿನ ಗ್ರಂಥಾಲಯ ತನ್ನ ಪಟ್ಟಿಯಲ್ಲಿ ಈ ಹೆಸರನ್ನು ತೆಗೆದು "ಫಿಲಿಪೀನ್-ಅಮೆರಿಕನ್ ಯುದ್ಧ" ಅಂತ ತಿದ್ದಿದ್ದು 1999ರಲ್ಲಿ. ಪೂರಾ ನೂರು ವರ್ಷ ಬೇಕಾಯಿತು.

ಲೆಕ್ಕ ಹೀಗಿದೆ. ಅಮೆರಿಕದ ಸುಮಾರು 4,200 ಸೈನಿಕರು ಸತ್ತರು. ಫಿಲಿಪಿನೊ ಹೋರಾಟಗಾರರು ಸುಮಾರು 20,000. ಸಾಮಾನ್ಯ ಜನ 2 ಲಕ್ಷಕ್ಕೂ ಜಾಸ್ತಿ. ಹೆಚ್ಚಿನವರು ಗುಂಡಿಗೆ ಸತ್ತವರಲ್ಲ. ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ಬೇಲಿಯೊಳಗೆ ಕೂಡಿದರು, ಬೆಳೆ ಸುಟ್ಟರು, ಮೇಲೆ ಕಾಲರಾ ಬಂತು. ಸಿಕ್ಕಿಬಿದ್ದವರ ಬಾಯಿಗೆ ನೀರು ಸುರಿದು ಹೊಟ್ಟೆ ಉಬ್ಬಿಸಿ ಬಾಯಿ ಬಿಡಿಸುವ ಕ್ರಮ ಒಂದಿತ್ತು. ಅದಕ್ಕೆ ಸೈನಿಕರು ಇಟ್ಟ ಹೆಸರು "ನೀರಿನ ಚಿಕಿತ್ಸೆ". ನೋಡಿ, ಇಲ್ಲೂ ಹೆಸರು.

1901ರ ಮಾರ್ಚ್‌ನಲ್ಲಿ ಅಗಿನಾಲ್ಡೊ ಮೋಸಕ್ಕೆ ಸಿಕ್ಕಿಬಿದ್ದ. ಅಮೆರಿಕದ ಪರವಿದ್ದ ಸ್ಥಳೀಯ ಸೈನಿಕರು ಅವನ ಕಡೆಯವರ ವೇಷದಲ್ಲಿ, ಅಮೆರಿಕದ ಅಧಿಕಾರಿಗಳನ್ನೇ "ಕೈದಿ"ಗಳಾಗಿ ಹಿಡಿದುಕೊಂಡು ಅವನ ಅಡಗುತಾಣಕ್ಕೆ ಹೋಗಿದ್ದರು. ಅವನು ಆಮೇಲೆ ಬಹಳ ಕಾಲ ಬದುಕಿದ, 1964ರವರೆಗೆ. ತಾನು ಘೋಷಿಸಿದ ಸ್ವಾತಂತ್ರ್ಯವನ್ನು ದೇಶ ಮತ್ತೆ ಒಪ್ಪಿಕೊಂಡದ್ದನ್ನು ಕಣ್ಣಾರೆ ಕಂಡ. ಅದರ ಕಥೆ ಕೆಳಗಿದೆ.

ಅಮೆರಿಕದಲ್ಲಿ ಯಾರೂ ಬೇಡ ಅನ್ನಲಿಲ್ಲವಾ?

ಅಂದರು. ಬರಹಗಾರ ಮಾರ್ಕ್ ಟ್ವೇನ್ ಅಂದ, ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಅಂದ. ಸಾಮ್ರಾಜ್ಯ ವಿರೋಧಿ ಸಂಘವನ್ನೇ ಕಟ್ಟಿದರು. ಅಮೆರಿಕದ ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ಯಾರಿಸ್ ಒಪ್ಪಂದ ಪಾಸಾದದ್ದು 57–27ರಲ್ಲಿ, ಬೇಕಿದ್ದ ಮೂರನೇ ಎರಡಕ್ಕಿಂತ ಒಂದೇ ಒಂದು ಮತ ಹೆಚ್ಚು. ಆದರೆ ಬೇಡ ಅಂದವರೆಲ್ಲ ಒಳ್ಳೆಯವರು ಅಂದುಕೊಳ್ಳಬೇಡಿ. "ಕಂದು ಬಣ್ಣದವರು ನಮ್ಮ ದೇಶದೊಳಗೆ ಬಂದುಬಿಟ್ಟರೆ?" ಅನ್ನುವ ಭಯಕ್ಕೆ ಬೇಡ ಅಂದವರೂ ಬೇಕಾದಷ್ಟು ಜನ ಇದ್ದರು.

ಆಡಳಿತ ಹೇಗೆ ನಡೆಯುತ್ತಿತ್ತು?

1901ರ ಜುಲೈ 4ಕ್ಕೆ ವಿಲಿಯಂ ಹೋವರ್ಡ್ ಟಾಫ್ಟ್ ಮೊದಲ ನಾಗರಿಕ ಗವರ್ನರ್ ಆದ. ಭಾರೀ ಆಳು, ನಗುಮುಖ. ಆಮೇಲೆ ಅಮೆರಿಕದ ಅಧ್ಯಕ್ಷನೂ ಆದ. ಫಿಲಿಪಿನೊಗಳನ್ನು "ನಮ್ಮ ಕಂದು ತಮ್ಮಂದಿರು" ಅನ್ನುತ್ತಿದ್ದ. ತಮ್ಮ ಅಂದಮೇಲೆ ಅಣ್ಣ ಹೇಳಿದ ಹಾಗೆ ಕೇಳಬೇಕು ಅಂತಲೂ ಆಯಿತಲ್ಲ. ಅವನ ಕೆಳಗಿದ್ದ ಆಯೋಗವೇ ಕಾನೂನು ಮಾಡುತ್ತಿತ್ತು, ಅದೇ ಜಾರಿಗೂ ತರುತ್ತಿತ್ತು.

1907ರಲ್ಲಿ ಚುನಾಯಿತ ವಿಧಾನಸಭೆ ಬಂತು. ಏಷ್ಯಾದಲ್ಲಿ ಆಗ ಇದು ದೊಡ್ಡ ವಿಷಯ, ಒಪ್ಪಬೇಕು. ಆದರೆ ಮತ ಯಾರಿಗಿತ್ತು? ಗಂಡಸಾಗಿರಬೇಕು, 23 ವರ್ಷ ಆಗಿರಬೇಕು. ಮೇಲೆ ಈ ಮೂರರಲ್ಲಿ ಒಂದು ಇರಬೇಕು: 500 ಪೆಸೊ ಬೆಲೆಯ ಆಸ್ತಿ ಅಥವಾ ವರ್ಷಕ್ಕೆ 30 ಪೆಸೊ ತೆರಿಗೆ, ಇಲ್ಲವೇ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಓದು ಬರಹ, ಇಲ್ಲವೇ ಸ್ಪೇನ್ ಕಾಲದಲ್ಲಿ ಊರ ಅಧಿಕಾರ ಮಾಡಿದ ಅನುಭವ. ಅಂದರೆ ಜಮೀನ್ದಾರ, ವಕೀಲ, ಹಳೇ ಗೌಡ. ಒಟ್ಟು ಜನರಲ್ಲಿ ನೂರಕ್ಕೆ ಇಬ್ಬರಿಗೂ ಮತ ಇರಲಿಲ್ಲ.

ಅಮೆರಿಕ ಬಿಟ್ಟುಹೋದದ್ದರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಇದೇ ಅನ್ನುವುದು ನನ್ನ ಅನಿಸಿಕೆ. ಮೊದಲೇ ಊರಲ್ಲಿ ಜೋರಾಗಿದ್ದ ಮನೆತನಗಳಿಗೆ ಚುನಾವಣೆ ಅನ್ನುವ ಹೊಸ ಏಣಿ ಸಿಕ್ಕಿತು. ಇವತ್ತಿಗೂ ಅಲ್ಲಿ ಅಪ್ಪ ಗವರ್ನರ್, ಮಗಳು ಮೇಯರ್, ಸೊಸೆ ಸಂಸದೆ ಅನ್ನುವುದು ಮಾಮೂಲಿ. 1987ರ ಸಂವಿಧಾನ ರಾಜಕೀಯ ಮನೆತನಗಳನ್ನು ತಡೆಯಬೇಕು ಅನ್ನುತ್ತದೆ, ಆದರೆ ಅದಕ್ಕೆ ಬೇಕಾದ ಕಾನೂನು ಮಾಡಬೇಕಾದವರು ಆ ಮನೆತನದವರೇ. ನಮಗೇನೂ ಹೊಸದಲ್ಲ ಬಿಡಿ.

ಇನ್ನೊಂದು ಮುಖವೂ ಇತ್ತು. 1901ರ ರಾಜದ್ರೋಹ ಕಾನೂನಿನಲ್ಲಿ, ಯುದ್ಧ ಮುಗಿಯುವವರೆಗೆ ಸ್ವಾತಂತ್ರ್ಯ ಬೇಕು ಅನ್ನುವುದೇ ಅಪರಾಧ. ಸ್ವಾತಂತ್ರ್ಯದ ನಾಟಕ ಆಡಿದವರನ್ನು ಜೈಲಿಗೆ ಹಾಕಿದರು. 1907ರಿಂದ 1919ರವರೆಗೆ ಫಿಲಿಪೀನ್ಸಿನ ಬಾವುಟ ಹಾರಿಸುವಂತೆಯೇ ಇರಲಿಲ್ಲ.

ಶಾಲೆ ಕಟ್ಟಿದ್ದು, ಇಂಗ್ಲಿಷ್ ಕಲಿಸಿದ್ದು ಒಳ್ಳೆಯದೇ ಅಲ್ವಾ?

ಅಕ್ಕ ಕೇಳಿದ ಪ್ರಶ್ನೆ ಇದು. ಅವಳು ಟೀಚರ್ ಆಗಿದ್ದವಳು, ಹಾಗಾಗಿ ಸುಲಭಕ್ಕೆ ಬಿಡಲಿಲ್ಲ.

1901ರ ಆಗಸ್ಟ್‌ನಲ್ಲಿ "ಥಾಮಸ್" ಅನ್ನುವ ಹಡಗು ಮನಿಲಾಕ್ಕೆ ಬಂತು. ಅದರಲ್ಲಿ ಸೈನಿಕರಿರಲಿಲ್ಲ, ಸುಮಾರು 500 ಮೇಷ್ಟ್ರುಗಳು, ಮೇಡಂಗಳು ಇದ್ದರು. ಹಡಗಿನ ಹೆಸರೇ ಅವರಿಗೂ ಅಂಟಿಕೊಂಡಿತು, "ಥಾಮಸೈಟ್"ಗಳು ಅಂತ. ಅವರನ್ನು ದ್ವೀಪ ದ್ವೀಪಕ್ಕೆ ಹಂಚಿದರು. ಕೆಲವರು ಕಾಲರಾದಂಥ ರೋಗಕ್ಕೆ ಸಿಕ್ಕಿ ಅಲ್ಲೇ ಸತ್ತರು. ಸ್ಪೇನ್ ಕಾಲದಲ್ಲಿ ಪಾದ್ರಿಗಳ ಹಿಡಿತದಲ್ಲಿದ್ದ ಓದು ಊರೂರಿಗೆ ಬಂತು. ಪುಕ್ಕಟೆ. ಹೆಣ್ಣುಮಕ್ಕಳಿಗೂ. 1908ರಲ್ಲಿ ಫಿಲಿಪೀನ್ಸ್ ವಿಶ್ವವಿದ್ಯಾಲಯ ಶುರುವಾಯಿತು. ಇದನ್ನೆಲ್ಲ ಕಡೆಗಣಿಸುವುದು ಅನ್ಯಾಯ.

ಆದರೆ ಪಾಠ ನಡೆದದ್ದು ಇಂಗ್ಲಿಷಿನಲ್ಲಿ ಮಾತ್ರ. ಎಳನೀರು, ಮಾವು, ಭತ್ತದ ಗದ್ದೆ ಬಿಟ್ಟರೆ ಬೇರೆ ಕಾಣದ ಮಕ್ಕಳಿಗೆ ಸೇಬು ತೋರಿಸಿ ಅಕ್ಷರ ಕಲಿಸಿದರು. ಹಿಮ ಬೀಳುವ ಪದ್ಯ ಬಾಯಿಪಾಠ ಮಾಡಿಸಿದರು. ಯುದ್ಧ ಮುಗಿದು ನಾಲ್ಕು ವರ್ಷವೂ ಆಗಿರದ ಹಳ್ಳಿಯ ಮಗು ಜಾರ್ಜ್ ವಾಷಿಂಗ್ಟನ್ ದೇಶಭಕ್ತಿಯ ಪಾಠ ಓದಿತು, ಅಗಿನಾಲ್ಡೊ ಅವಳಿಗೆ ಪಾಠದಲ್ಲಿ ಸಿಗಲಿಲ್ಲ. ಶಾಲೆಯಲ್ಲಿ ತಾಯ್ನುಡಿ ಬಾಯಿಗೆ ಬಂದರೆ ದಂಡ. ಕನ್ನಡ ಮಾತಾಡಿದರೆ ದಂಡ ಹಾಕುವ ಕಾನ್ವೆಂಟ್ ಒಂದರಲ್ಲಿ ಓದಿದವನು ನಾನು. ಹಾಗಾಗಿ ಇದು ನನಗೆ ಪುಸ್ತಕದ ಮಾತಲ್ಲ.

1925ರಲ್ಲಿ ಅಮೆರಿಕದವರೇ ಒಂದು ಸಮೀಕ್ಷೆ ಮಾಡಿಸಿದರು. ಮಕ್ಕಳ ಇಂಗ್ಲಿಷ್ ಓದು ತೀರಾ ಸೊರಗಿದೆ ಅಂತ ವರದಿ ಬಂತು. ಹೆಚ್ಚಿನವರು ನಾಲ್ಕನೇ ಕ್ಲಾಸಿನೊಳಗೇ ಶಾಲೆ ಬಿಡುತ್ತಿದ್ದರು. ಬಿಟ್ಟಮೇಲೆ ಕಲಿತಷ್ಟು ಇಂಗ್ಲಿಷೂ ಮರೆಯುತ್ತಿತ್ತು. ಮುಂದೆ ಓದಿದವರಿಗೆ ಮಾತ್ರ ಅದು ಬದುಕಾಯಿತು.

ಜಗ್ಗಾಟ ಇನ್ನೂ ನಿಂತಿಲ್ಲ. 1937ರಲ್ಲಿ ಮನಿಲಾ ಕಡೆಯ ತಗಾಲೊಗ್ ಭಾಷೆಯ ಮೇಲೆ ರಾಷ್ಟ್ರಭಾಷೆ ಕಟ್ಟುವುದು ಅಂತಾಯಿತು. 1987ರ ಸಂವಿಧಾನದಲ್ಲಿ ಫಿಲಿಪಿನೊ ಅನ್ನುವ ಆ ರಾಷ್ಟ್ರಭಾಷೆ, ಇಂಗ್ಲಿಷ್ ಎರಡೂ ಆಡಳಿತ ಭಾಷೆ. 2012ರ ಹೊತ್ತಿಗೆ ಮೊದಲ ಮೂರು ಕ್ಲಾಸು ತಾಯ್ನುಡಿಯಲ್ಲೇ ಅಂದರು. 2024ರಲ್ಲಿ ಆ ಕಡ್ಡಾಯವನ್ನು ತೆಗೆದರು. ನ್ಯಾಯಾಲಯದ ತೀರ್ಪು ಇವತ್ತಿಗೂ ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತದೆ.

ನಮ್ಮ ಹುಡುಗರು ಅಲ್ಲಿಗೆ ಮೆಡಿಕಲ್‌ಗೆ ಹೋಗುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ. ಪಾಠ ಇಂಗ್ಲಿಷಿನಲ್ಲಿ ಇರುವುದರಿಂದಲೇ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಸಿಗುವುದು ಎಂಬಿಬಿಎಸ್ ಅಲ್ಲ, ಎಂಡಿ. ಭಾವ ಗಾಬರಿಯಾಗಿ "ಡಿಗ್ರಿ ಬದಲಾಯ್ತಲ್ಲಾ?" ಅಂದಿದ್ದರು. ಅಲ್ಲಿಯದು ಅಮೆರಿಕದ ಪದ್ಧತಿ: ಮೊದಲು ಬಿಎಸ್ ಪದವಿ, ಆಮೇಲೆ ನಾಲ್ಕು ವರ್ಷ ವೈದ್ಯಕೀಯ. ನಮ್ಮದು ಬ್ರಿಟಿಷರು ಬಿಟ್ಟುಹೋದ ಪದ್ಧತಿ. ಎರಡು ಹಳೇ ಯಜಮಾನರ ಡಿಗ್ರಿಗಳನ್ನು ತಾಳೆ ಹಾಕುವ ತಲೆನೋವು ಈಗ ಮಕ್ಕಳ ಪಾಲಿಗೆ. ಹೊರಡುವ ಮುಂಚೆ ನಮ್ಮ ವೈದ್ಯಕೀಯ ಆಯೋಗದ ಆ ಹೊತ್ತಿನ ನಿಯಮವನ್ನು ನೀವೇ ಓದಿ, ಏಜೆಂಟ್ ಮಾತು ನಂಬಿ ಕೂರಬೇಡಿ.

ನರ್ಸುಗಳ ಕಥೆಯೂ ಇದೇ ಬೇರಿನದು. ಅಮೆರಿಕದ ಕಾಲದಲ್ಲಿ, 1907ರ ಆಸುಪಾಸಿನಿಂದ, ಅಮೆರಿಕದ ಪಠ್ಯ ಹಿಡಿದು ನರ್ಸಿಂಗ್ ಶಾಲೆಗಳು ಎದ್ದವು. 1948ರ ವಿನಿಮಯ ಯೋಜನೆಯಲ್ಲಿ ನರ್ಸುಗಳು ತರಬೇತಿಗೆ ಅಂತ ಅಮೆರಿಕಕ್ಕೆ ಹೊರಟರು. 1965ರಲ್ಲಿ ವಲಸೆ ಕಾನೂನು ಸಡಿಲವಾದಮೇಲೆ ಸಾಲು ಹಚ್ಚಿದರು. ಇವತ್ತು ಅಮೆರಿಕದ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಒಬ್ಬರಾದರೂ ಫಿಲಿಪಿನೊ ನರ್ಸ್ ಸಿಗುತ್ತಾರೆ. ನಮಗೆ ಕೇರಳದ ನರ್ಸುಗಳಿದ್ದ ಹಾಗೆ.

ಬಾಗಿಯೊ ಅಂದರೆ ನಮ್ಮ ಊಟಿ ಇದ್ದ ಹಾಗಾ?

ಹೂಂ, ಅದೇ ಜಾತಿಯ ಬೆಟ್ಟದ ಊರು. ಪೈನ್ ಮರ, ಮಂಜು, ಸ್ಟ್ರಾಬೆರಿ, ಹನಿಮೂನ್. ಮನಿಲಾದ ಸೆಕೆ ತಾಳಲಾರದೆ ಬ್ರಿಟಿಷರ ಶಿಮ್ಲಾ ಮಾದರಿಯಲ್ಲಿ ಬೇಸಿಗೆ ರಾಜಧಾನಿ ಮಾಡಿಕೊಂಡರು. ಷಿಕಾಗೊದ ಪ್ರಸಿದ್ಧ ವಾಸ್ತುಶಿಲ್ಪಿ ಡೇನಿಯಲ್ ಬರ್ನಮ್ 1905ರಲ್ಲಿ ಅದಕ್ಕೂ ಮನಿಲಾಕ್ಕೂ ನಕ್ಷೆ ಬರೆದ. ಬೆಟ್ಟ ಕಡಿದು ರಸ್ತೆ ಮಾಡಲು ಸಾವಿರಾರು ಕೂಲಿಗಳು ದುಡಿದರು, ಎಷ್ಟೋ ಜನ ಪ್ರಾಣ ಬಿಟ್ಟರು. ಇವತ್ತಿಗೂ ಪೇಟೆಯ ಮುಖ್ಯ ಬೀದಿ "ಸೆಷನ್ ರೋಡ್". ಆಯೋಗದ ಅಧಿವೇಶನ ಅಲ್ಲಿ ನಡೆಯುತ್ತಿತ್ತು.

ಆ ಬೆಟ್ಟ ಖಾಲಿ ಇರಲಿಲ್ಲ. ಇಬಲೊಯ್ ಜನ ದನ ಮೇಯಿಸಿಕೊಂಡು ತಲೆತಲಾಂತರದಿಂದ ಇದ್ದರು. ಅವರಲ್ಲೊಬ್ಬ ಮಟೆಯೊ ಕರಿನ್ಯೊ. ಅವನ ಅಪ್ಪ, ಅಜ್ಜ ಬೇಲಿ ಹಾಕಿಕೊಂಡು ಇದ್ದ ನೆಲ ಅದು, ಪತ್ರ ಮಾತ್ರ ಇರಲಿಲ್ಲ. ಸರ್ಕಾರ "ಪತ್ರ ಇಲ್ಲ ಅಂದರೆ ನಮ್ಮದು" ಅಂದಿತು. ಅವನು ಕೋರ್ಟಿಗೆ ಹೋದ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 1909ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ತೀರ್ಪು ಕರಿನ್ಯೊ ಪರವಾಗಿತ್ತು. ನೆನಪು ಹೋಗುವಷ್ಟು ದೂರದಿಂದಲೂ ಒಂದು ನೆಲ ಜನರ ಸ್ವಂತದ್ದಾಗಿದ್ದರೆ, ಅದು ಎಂದೂ ಸರ್ಕಾರದ್ದಾಗಿರಲೇ ಇಲ್ಲ ಅಂತ ತಿಳಿಯಬೇಕು ಅನ್ನುವುದು ಅದರ ಸಾರ. ಆದಿವಾಸಿ ಹಕ್ಕಿಗಾಗಿ ಫಿಲಿಪೀನ್ಸ್ 1997ರಲ್ಲಿ ಮಾಡಿದ ಕಾನೂನಿನ ಬೇರು ಈ ತೀರ್ಪಿನಲ್ಲಿದೆ.

ಬಾಗಿಯೊದ ದೊಡ್ಡ ಭಾಗ ಮಾತ್ರ ಕ್ಯಾಂಪ್ ಜಾನ್ ಹೇ ಅನ್ನುವ ಸೈನಿಕರ ವಿಶ್ರಾಂತಿ ತಾಣವಾಗಿ 1991ರವರೆಗೆ ಅಮೆರಿಕದ ಕೈಯಲ್ಲೇ ಇತ್ತು. ಗಾಲ್ಫ್ ಮೈದಾನ ಸಮೇತ.

ಉಳುವವರಿಗೆ ಭೂಮಿ ಸಿಕ್ಕಿತಾ?

ಇಲ್ಲ. ಸ್ಪೇನಿನ ಪಾದ್ರಿಗಳ ಮಠಗಳ ಕೈಯಲ್ಲಿ 4 ಲಕ್ಷ ಎಕರೆಗೂ ಜಾಸ್ತಿ ಒಳ್ಳೆ ಹೊಲ ಇತ್ತು. ಬಂಡಾಯಕ್ಕೆ ಅದೇ ಒಂದು ದೊಡ್ಡ ಕಾರಣ. ಟಾಫ್ಟ್ 1902ರಲ್ಲಿ ರೋಮ್‌ಗೆ ಹೋಗಿ ಪೋಪ್ ಜೊತೆ ಮಾತಾಡಿದ. ಮುಂದಿನ ವರ್ಷ ಸುಮಾರು 70 ಲಕ್ಷ ಡಾಲರ್‌ಗೆ ಕೊಂಡೂ ಆಯಿತು. ಗೇಣಿದಾರರಿಗೆ ಮಾರುತ್ತೇವೆ ಅಂದರು. ಆದರೆ ಕೊಂಡ ಬೆಲೆಗೆ ಬಡ್ಡಿ ಸೇರಿಸಿ ಕಂತು ಕಟ್ಟಬೇಕು. ಗೇಣಿದಾರನ ಹತ್ತಿರ ಎಲ್ಲಿಂದ ಬರಬೇಕು? ಬಹಳಷ್ಟು ಭೂಮಿ ಉಳ್ಳವರ ಕೈ ಸೇರಿತು.

1909ರಿಂದ ಅಮೆರಿಕದ ಜೊತೆ ಸುಂಕವಿಲ್ಲದ ವ್ಯಾಪಾರ ಶುರುವಾದಮೇಲೆ ಜಮೀನ್ದಾರರಿಗೆ ಸುಗ್ಗಿ. ಸಕ್ಕರೆ, ಕೊಬ್ಬರಿ, ನಾರು ಅಲ್ಲಿಗೆ ಹೋಯಿತು. ಬಟ್ಟೆ, ಯಂತ್ರ, ಡಬ್ಬಿ ಮೀನು ಅಲ್ಲಿಂದ ಬಂತು. ನೆಗ್ರೊಸ್ ದ್ವೀಪ ಪೂರ್ತಿ ಕಬ್ಬಾಯಿತು. 1980ರ ದಶಕದಲ್ಲಿ ಸಕ್ಕರೆ ಬೆಲೆ ಬಿದ್ದಾಗ ಆ ಫಲವತ್ತಾದ ದ್ವೀಪದಲ್ಲೇ ಮಕ್ಕಳು ಹಸಿವಿಗೆ ಸತ್ತರು. ಕಬ್ಬು ಬಿಟ್ಟರೆ ಬೇರೇನೂ ಬೆಳೆದಿರಲಿಲ್ಲ.

ರೋಗ ರುಜಿನ ಕಡಿಮೆ ಮಾಡಿದರಂತೆ, ನಿಜವಾ?

ನಿಜ. ಲಸಿಕೆ, ಕೊಳಾಯಿ ನೀರು, ಚರಂಡಿ ತಂದರು. ಕುಷ್ಠರೋಗಿಗಳನ್ನು ಮಾತ್ರ 1906ರಿಂದ ಹುಡುಕಿ ಹುಡುಕಿ ಕೂಲಿಯಾನ್ ಅನ್ನುವ ದ್ವೀಪಕ್ಕೆ ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಆ ದ್ವೀಪಕ್ಕೆ ಅಂತಲೇ ಬೇರೆ ನಾಣ್ಯ ಟಂಕಿಸಿದ್ದರು, ಅಲ್ಲಿ ಮುಟ್ಟಿದ ದುಡ್ಡು ಹೊರಗೆ ಬರಬಾರದು ಅಂತ.

ದಕ್ಷಿಣದ ಮುಸ್ಲಿಮರನ್ನೂ ಹೀಗೇ ಆಳಿದರಾ?

ಅಲ್ಲಿ ಸೈನ್ಯದ ಆಡಳಿತವೇ ಜಾಸ್ತಿ. 1906ರ ಮಾರ್ಚ್‌ನಲ್ಲಿ ಹೋಲೊ ದ್ವೀಪದ ಬುಡ್ ದಾಹೊ ಅನ್ನುವ ಆರಿದ ಜ್ವಾಲಾಮುಖಿಯ ಬಾಯಿಯಲ್ಲಿ ಕೂತಿದ್ದ 800ರಿಂದ 1,000 ಜನರನ್ನು ಕೊಂದರು. ಹೆಂಗಸರು, ಮಕ್ಕಳು ಇದ್ದರು. ಹೆಣಗಳ ರಾಶಿಯ ಹಿಂದೆ ಸೈನಿಕರು ನಿಂತ ಫೋಟೋ ಇದೆ. ಆಮೇಲೆ ಉತ್ತರದ ಕ್ರೈಸ್ತರನ್ನು ತಂದು ದಕ್ಷಿಣದ ದೊಡ್ಡ ದ್ವೀಪ ಮಿಂಡನಾವ್‌ನಲ್ಲಿ ನೆಲೆ ಮಾಡಿಸುವ ಯೋಜನೆಗಳು ಶುರುವಾದವು, ಸ್ವಾತಂತ್ರ್ಯದ ನಂತರವೂ ಮುಂದುವರಿದವು. ಆ ನೆಲದ ಜಗಳ ಹತ್ತಾರು ವರ್ಷ ಬಂದೂಕು ಹಿಡಿಸಿತು. ಅಲ್ಲಿನ ಮುಸ್ಲಿಮರಿಗೆ ಬಂಗ್ಸಮೊರೊ ಅನ್ನುವ ಸ್ವಾಯತ್ತ ಪ್ರದೇಶ ಆದದ್ದು 2019ರಲ್ಲಿ.

ಕೊನೆಗೆ ಯಾಕೆ ಬಿಟ್ಟುಹೋದರು?

ಫಿಲಿಪಿನೊ ನಾಯಕರು ವರ್ಷಾನುಗಟ್ಟಲೆ ವಾಷಿಂಗ್ಟನ್‌ಗೆ ಎಡತಾಕಿದ್ದು ಒಂದು ಕಾರಣ. ಇನ್ನೊಂದು ಅಷ್ಟು ಚೆಂದದ್ದಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸಕ್ಕರೆ ಬೆಳೆಗಾರರಿಗೆ ಫಿಲಿಪೀನ್ಸಿನ ಸಕ್ಕರೆ ಬೇಡವಾಯಿತು, ಕಾರ್ಮಿಕ ಸಂಘಗಳಿಗೆ ಫಿಲಿಪಿನೊ ಕೂಲಿಗಳು ಬೇಡವಾದರು. 1934ರ ಕಾನೂನು ಹತ್ತು ವರ್ಷದ ತಯಾರಿಯ ನಂತರ ಸ್ವಾತಂತ್ರ್ಯ ಅಂದಿತು. ಅದೇ ಕೈಯಲ್ಲಿ, ವರ್ಷಕ್ಕೆ 50 ಜನ ಮಾತ್ರ ವಲಸೆ ಬರಬಹುದು ಅಂತಲೂ ಬರೆಯಿತು.

1935ರಲ್ಲಿ ಮ್ಯಾನುವೆಲ್ ಕೇಸೊನ್ ಫಿಲಿಪೀನ್ಸಿನ ಅಧ್ಯಕ್ಷರಾದರು. ನಡುವೆ ಜಪಾನ್ ನುಗ್ಗಿತು. 1945ರಲ್ಲಿ ಮನಿಲಾವನ್ನು ಮರಳಿ ಹಿಡಿಯುವ ಒಂದೇ ತಿಂಗಳಲ್ಲಿ ಸುಮಾರು 1 ಲಕ್ಷ ಜನ ಸತ್ತರು. ಜಪಾನಿಯರ ಕೊಲೆಗೂ ಅಮೆರಿಕದ ಫಿರಂಗಿಗೂ ನಡುವೆ ಊರು ಪುಡಿಯಾಯಿತು. 1946ರ ಜುಲೈ 4ಕ್ಕೆ ಸ್ವಾತಂತ್ರ್ಯ ಕೊಟ್ಟರು. ದಿನ ನೋಡಿ. ಅದು ಅಮೆರಿಕದ ಸ್ವಾತಂತ್ರ್ಯ ದಿನ.

1962ರಲ್ಲಿ ಅಧ್ಯಕ್ಷ ದಿಯೊಸ್ದಾದೊ ಮಕಪಗಾಲ್ ತಮ್ಮ ಸ್ವಾತಂತ್ರ್ಯ ದಿನವನ್ನು ಜೂನ್ 12ಕ್ಕೆ ಬದಲಾಯಿಸಿದರು. ಅಗಿನಾಲ್ಡೊ ಘೋಷಿಸಿದ ದಿನ. ಆಗ ಅಗಿನಾಲ್ಡೊಗೆ 93 ವರ್ಷ.

ಸ್ವಾತಂತ್ರ್ಯ ಅಂದಮೇಲೆ ಪೂರ್ತಿ ಬಿಟ್ಟರಾ?

ಎಲ್ಲಿ? ಊರೆಲ್ಲ ಬೂದಿಯಾಗಿದ್ದಾಗ ಯುದ್ಧದ ಪರಿಹಾರದ ಹಣಕ್ಕೆ ಒಂದು ಷರತ್ತು ಕಟ್ಟಿದರು. ಗಣಿ, ಕಾಡು, ಭೂಮಿಯಲ್ಲಿ ಅಮೆರಿಕದವರಿಗೂ ಫಿಲಿಪಿನೊಗಳಷ್ಟೇ ಹಕ್ಕು ಇರಬೇಕು, ಅದಕ್ಕೆ ನಿಮ್ಮ ಸಂವಿಧಾನ ತಿದ್ದಿ ಅಂದರು. ತಿದ್ದಿದರು. ಪೆಸೊವನ್ನು ಒಂದು ಡಾಲರ್‌ಗೆ ಎರಡು ಅಂತ ಕಟ್ಟಿಹಾಕಿದರು. ಆ ಸಮಾನ ಹಕ್ಕು ಮುಗಿದದ್ದು 1974ರಲ್ಲಿ.

1947ರಲ್ಲಿ ಸೈನಿಕ ನೆಲೆಗಳಿಗೆ 99 ವರ್ಷದ ಒಪ್ಪಂದ ಆಯಿತು. ಕ್ಲಾರ್ಕ್ ವಿಮಾನ ನೆಲೆ, ಸುಬಿಕ್ ನೌಕಾ ನೆಲೆ. ಅವಧಿಯನ್ನು ಆಮೇಲೆ 1991ಕ್ಕೆ ಇಳಿಸಿದರು. ಆ ವರ್ಷ ಜೂನ್‌ನಲ್ಲಿ ಪಿನಟುಬೊ ಜ್ವಾಲಾಮುಖಿ ಸಿಡಿದು ಕ್ಲಾರ್ಕ್ ಬೂದಿಯಲ್ಲಿ ಹೂತುಹೋಯಿತು. ಸೆಪ್ಟೆಂಬರ್ 16ಕ್ಕೆ ಫಿಲಿಪೀನ್ಸ್ ಸೆನೆಟ್ 12–11ರಲ್ಲಿ ಹೊಸ ಒಪ್ಪಂದ ಬೇಡ ಅಂದಿತು. ಮುಂದಿನ ವರ್ಷ ನವೆಂಬರ್‌ನಲ್ಲಿ ಕೊನೆಯ ಹಡಗು ಹೊರಟಿತು.

ಈಗ ಮತ್ತೆ ಬಂದಿದ್ದಾರೆ. 1998ರ ಒಪ್ಪಂದದಲ್ಲಿ ಅವರು "ಭೇಟಿಗೆ ಬರುವ ಪಡೆ". 2014ರ ಒಪ್ಪಂದದಲ್ಲಿ ಅವರು ಇರುವುದು "ಒಪ್ಪಿದ ಜಾಗ"ಗಳಲ್ಲಿ, ಈಗ ಅಂಥವು ಒಂಬತ್ತು. ನೆಲೆ ಅನ್ನುವ ಹಾಗಿಲ್ಲ. ಚೀನಾದ ಹಡಗುಗಳು ಬಾಗಿಲಿಗೆ ಬರುತ್ತಿರುವಾಗ ಬೇಕು ಅನ್ನುವವರೂ ಬಹಳ ಇದ್ದಾರೆ. ಅವರನ್ನು ನಾನು ದೂರಲಾರೆ.

ಜೊತೆಗೆ ಯುದ್ಧ ಮಾಡಿದ ಫಿಲಿಪಿನೊ ಸೈನಿಕರಿಗೆ ಪಿಂಚಣಿ ಕೊಟ್ಟರಾ?

ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅಮೆರಿಕದ ಬಾವುಟದ ಕೆಳಗೆ ಹೋರಾಡಿದರು. 1946ರಲ್ಲಿ ಒಂದು ಕಾನೂನು ಮಾಡಿ, ಅವರಲ್ಲಿ ಹೆಚ್ಚಿನವರದ್ದು ಅಮೆರಿಕದ ಸೇವೆಯೇ ಅಲ್ಲ ಅಂದರು. 2009ರಲ್ಲಿ ಒಂದು ಸಲಕ್ಕೆ ಅಂತ ಅಮೆರಿಕದ ಪೌರರಾದವರಿಗೆ 15,000 ಡಾಲರ್, ಉಳಿದವರಿಗೆ 9,000 ಡಾಲರ್ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರೆಷ್ಟು ಅಂತ ನೀವೇ ಲೆಕ್ಕ ಹಾಕಿ.

ದಿನದ ಬದುಕಿನಲ್ಲಿ ಏನೇನು ಉಳಿದಿದೆ?

ಪಿನ್ನಿನ ವಿಷಯ ಹೇಳಿದೆ. ಅಕ್ಕನ ಮಗ ಕಂಡ ಬೇರೆ ಕೆಲವು ಇವು. ಗಾಡಿ ಬಲಗಡೆ ಓಡುತ್ತದೆ. ಮಜಾ ಅಂದರೆ ಅಮೆರಿಕ ಆಳಿದ ಕಾಲದಲ್ಲೆಲ್ಲ ಎಡಗಡೆಯೇ ಓಡುತ್ತಿತ್ತು, ಬಲಕ್ಕೆ ಬಂದದ್ದು 1945ರಲ್ಲಿ. ಜೀಪ್ನಿ ಅನ್ನುವ ಬಣ್ಣಬಣ್ಣದ ಬಸ್ಸು ಹುಟ್ಟಿದ್ದು ಯುದ್ಧ ಮುಗಿದಮೇಲೆ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ. ಎ4 ಹಾಳೆ ಕೇಳಿದರೆ ಅಂಗಡಿಯವನು "ಶಾರ್ಟಾ, ಲಾಂಗಾ?" ಅನ್ನುತ್ತಾನೆ, ಅಮೆರಿಕದ ಇಂಚಿನ ಅಳತೆ. ಶೌಚಾಲಯಕ್ಕೆ "ಸಿಆರ್" ಅನ್ನಬೇಕು, ಕಂಫರ್ಟ್ ರೂಮ್. ಗಲ್ಲಿ ಗಲ್ಲಿಯಲ್ಲಿ ಬ್ಯಾಸ್ಕೆಟ್‌ಬಾಲ್ ಬಳೆ ನೇತಾಡುತ್ತದೆ. ನಮ್ಮಲ್ಲಿ ಗೋಡೆಗೆ ಮೂರು ಗೆರೆ ಎಳೆದು ವಿಕೆಟ್ ಮಾಡುತ್ತಾರಲ್ಲ, ಹಾಗೆ. ಅವರವರ ಯಜಮಾನರ ಆಟ ಅವರವರಿಗೆ.

ಇವತ್ತಿಗೂ ಅಮೆರಿಕದ ಕೈಯಲ್ಲಿ ಯಾವ ದ್ವೀಪಗಳಿವೆ?

ಜನ ಇರುವವು ಐದು: ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ. ಪೋರ್ಟೊ ರಿಕೊ ಒಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಜನ. 1917ರಿಂದ ಅವರು ಅಮೆರಿಕದ ಪೌರರು. ಆದರೆ ದ್ವೀಪದಲ್ಲಿ ಇರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ವಿಮಾನ ಹತ್ತಿ ಫ್ಲಾರಿಡಾಕ್ಕೆ ಹೋಗಿ ನೆಲೆಸಿದರೆ ಮತ ಬರುತ್ತದೆ!

ಇದರ ಮೂಲ ಒಂದು ಕಿತ್ತಳೆ ಹಣ್ಣಿನ ಕೇಸು. ಪೋರ್ಟೊ ರಿಕೊದಿಂದ ನ್ಯೂಯಾರ್ಕ್‌ಗೆ ತಂದ ಕಿತ್ತಳೆಗೆ ಸುಂಕ ಹಾಕಿದರು. ಒಂದೇ ದೇಶ ಅಂದಮೇಲೆ ಸುಂಕ ಯಾಕೆ ಅಂತ ವ್ಯಾಪಾರಿ ಕೋರ್ಟಿಗೆ ಹೋದ. 1901ರಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಸುಂಕ ಸರಿ ಅಂದಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗ ಅಲ್ಲ ಅನ್ನುವ ವಾದ. ಮನೆಯೊಳಗೇ ಇದ್ದರೂ ಹೊರಗಿನವರು. ಆ ತೀರ್ಪನ್ನು ಇನ್ನೂ ರದ್ದು ಮಾಡಿಲ್ಲ. ಸಮೋವಾದಲ್ಲಿ ಹುಟ್ಟಿದವರ ಪಾಸ್‌ಪೋರ್ಟಿನಲ್ಲಿ ಇವರು ಅಮೆರಿಕದ "ನ್ಯಾಷನಲ್", ಪೌರರಲ್ಲ ಅಂತ ಅಚ್ಚಾಗಿರುತ್ತದೆ.

ಗುವಾಮ್ ಸಿಕ್ಕ ಕಥೆ ಹೇಳದಿದ್ದರೆ ಅಕ್ಕನ ಮಗ ಬೈಯುತ್ತಾನೆ. 1898ರ ಜೂನ್‌ನಲ್ಲಿ ಅಮೆರಿಕದ ಹಡಗು ಬಂದು ಹಳೇ ಕೋಟೆಗೆ ಗುಂಡು ಹಾರಿಸಿತು. ಸ್ಪೇನಿನ ಅಧಿಕಾರಿಗಳು ದೋಣಿಯಲ್ಲಿ ಬಂದು, ನಿಮ್ಮ ಗೌರವ ವಂದನೆಗೆ ಮರುವಂದನೆ ಮಾಡೋಣ ಅಂದರೆ ಮದ್ದು ಇಲ್ಲ, ಕ್ಷಮಿಸಿ ಅಂದರಂತೆ. ಯುದ್ಧ ಶುರುವಾದ ಸುದ್ದಿಯೇ ಅವರಿಗೆ ಮುಟ್ಟಿರಲಿಲ್ಲ.

ಬ್ರಿಟಿಷರಿಗಿಂತ ಅಮೆರಿಕದವರು ವಾಸಿ ಅಲ್ವಾ?

ಶಾಲೆಯಲ್ಲಿ ವಾಸಿ. ಹೊರಡುವ ತಾರೀಕನ್ನು ಮೊದಲೇ ಹೇಳಿದ್ದರಲ್ಲೂ ವಾಸಿ. ಭೂಮಿ, ವ್ಯಾಪಾರ, ಬಂದೂಕಿನ ವಿಷಯದಲ್ಲಿ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಬ್ರಿಟಿಷರು ಬೈದು ಆಳಿದರು, ಇವರು "ತಮ್ಮಾ" ಅಂದು ಆಳಿದರು.

ಯಾವುದೋ ಗಂಟೆ ವಾಪಸ್ ಬಂದ ಸುದ್ದಿ ಓದಿದ್ದೆ, ಅದೇನು?

ಬಾಲಾಂಗಿಗಾ ಅಂತ ಸಮರ್ ದ್ವೀಪದ ಸಣ್ಣ ಊರು. 1901ರ ಸೆಪ್ಟೆಂಬರ್ 28ರ ಬೆಳಿಗ್ಗೆ ಅಮೆರಿಕದ ಸೈನಿಕರು ತಿಂಡಿಗೆ ಕೂತಿದ್ದಾಗ ಚರ್ಚಿನ ಗಂಟೆ ಹೊಡೆಯಿತು. ಊರವರು ಮಚ್ಚು ಹಿಡಿದು ಮೇಲೆ ಬಿದ್ದರು. 48 ಸೈನಿಕರು ಸತ್ತರು. ಸೇಡಿಗೆ ಜನರಲ್ ಜೇಕಬ್ ಸ್ಮಿತ್ ದ್ವೀಪವನ್ನು ಕಾಡುಪಾಳು ಮಾಡಿ ಅಂದ. ಹತ್ತು ವರ್ಷ ದಾಟಿದ ಯಾರನ್ನೂ ಬಿಡಬೇಡಿ ಅಂದ. ಆಮೇಲೆ ಅವನ ವಿಚಾರಣೆ ನಡೆಯಿತು. ಶಿಕ್ಷೆ ಅಂದರೆ ಎರಡು ಮಾತು ಬುದ್ಧಿ ಹೇಳಿ ನಿವೃತ್ತಿ ಕೊಟ್ಟರು.

ಚರ್ಚಿನ ಮೂರು ಗಂಟೆಗಳನ್ನು ಗೆದ್ದ ಮಾಲು ಅಂತ ಹೊತ್ತೊಯ್ದರು. ಎರಡು ಅಮೆರಿಕದ ವಯೋಮಿಂಗ್‌ನ ಸೈನಿಕ ನೆಲೆಯಲ್ಲಿದ್ದವು, ಇನ್ನೊಂದು ದಕ್ಷಿಣ ಕೊರಿಯಾದಲ್ಲಿದ್ದ ಅವರ ರೆಜಿಮೆಂಟ್ ಹತ್ತಿರ. ಊರವರು ದಶಕಗಟ್ಟಲೆ ಕೇಳಿದರು. ನಮ್ಮ ಸತ್ತವರ ಸ್ಮಾರಕ ಅದು, ಕೊಡೆವು ಅಂತ ಅಮೆರಿಕದ ಕೆಲವು ಮಾಜಿ ಸೈನಿಕರು ಅಡ್ಡ ನಿಂತರು. ಕೊನೆಗೆ 2018ರ ಡಿಸೆಂಬರ್ 11ಕ್ಕೆ ಗಂಟೆಗಳು ವಿಮಾನದಲ್ಲಿ ಮನಿಲಾಕ್ಕೆ ಇಳಿದವು. 15ಕ್ಕೆ ಬಾಲಾಂಗಿಗಾ ಚರ್ಚಿಗೆ ಒಪ್ಪಿಸಿದರು. ಮರುದಿನದಿಂದ ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನದ ಬೆಳಗಿನ ಜಾವದ ಪ್ರಾರ್ಥನೆ ಶುರು. 117 ವರ್ಷದ ಮೇಲೆ ಆ ಊರವರು ತಮ್ಮದೇ ಗಂಟೆಯ ಸದ್ದಿಗೆ ಎದ್ದು ಚರ್ಚಿಗೆ ಹೊರಟರು.